ಮೀನು ಸಾಯೋದು ಒಂದು ಕೆರೆಯಲ್ಲಿ, ದೋಷ ಇನ್ನೊಂದರಲ್ಲಿ: ಸರಣಿ ಕೆರೆಗಳ ಮೀನು ಸಾಕಣೆಗೆ ದೋಷ ನಿವಾರಣೆ ಕೈಪಿಡಿ

ಬೆಳಗಿನ ಜಾವ ಫೋನ್ ಬರುತ್ತದೆ. "ಅಣ್ಣಾ, ಐದನೇ ಕೆರೆಯಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದಾವೆ. ತೂಬು ಪೂರ್ತಿ ಎತ್ತಿಬಿಡ್ಲಾ?"

ಮೊದಲೆಲ್ಲ ನಾನು "ಎತ್ತು" ಅಂತಲೇ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. "ಮೀನು ತೂಬಿನ ಹತ್ತಿರ ಗುಂಪು ಕಟ್ಟಿದಾವಾ, ಇಲ್ಲಾ ತೂಬಿಗೆ ದೂರದ ಮೂಲೆ ಸೇರಿದಾವಾ?" ಈ ಉತ್ತರ ಸಿಗುವವರೆಗೆ ತೂಬಿಗೆ ಕೈ ಹಚ್ಚಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದೇ ಕೆರೆಯಲ್ಲಿ ಮೀನು ಸಾಕುವವರಿಗೆ ಹುಡುಕಾಟ ಸುಲಭ. ತೊಂದರೆ ಅದೇ ನೀರಿನಲ್ಲಿರುತ್ತದೆ. ಆದರೆ ಆರೇಳು ಕೆರೆಗಳನ್ನು ತೂಬು, ಕಾಲುವೆಗಳಿಂದ ಜೋಡಿಸಿದ ದೊಡ್ಡ ಫಾರಂನಲ್ಲಿ ಒಂದರ ನೀರು ಇನ್ನೊಂದಕ್ಕೆ ಇಳಿಯುತ್ತದೆ. ಮೇಲಿನ ಕೆರೆಯಲ್ಲಿ ಉಳಿದ ಮೇವು, ಮೀನಿನ ಹಿಕ್ಕೆ, ಸತ್ತ ಪಾಚಿ ಎಲ್ಲ ಕೆಳಗಿನ ಕೆರೆಯ ಪಾಲು. ಹಾಗಾಗಿ ಮೀನು ಸಾಯುವ ಜಾಗ ಒಂದು, ತೊಂದರೆ ಹುಟ್ಟುವ ಜಾಗ ಇನ್ನೊಂದು. ಸತ್ತ ಮೀನಿನ ಹತ್ತಿರವೇ ನಿಂತು ಕಾರಣ ಹುಡುಕಿದರೆ ದಿನಗಟ್ಟಲೆ ಸಿಗುವುದಿಲ್ಲ.

ಮೊದಲ ಹತ್ತು ನಿಮಿಷ ಸುಮ್ನೆ ನೋಡಿ

ಔಷಧ, ಸುಣ್ಣ, ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಎಲ್ಲ ಆಮೇಲೆ. ಮೊದಲು ಏರಿ ಮೇಲೆ ನಿಂತು ನೋಡಿ.

ಹೊತ್ತು ಯಾವುದು? ಬೆಳಕು ಹರಿಯುವ ಮುಂಚೆ ಒಂದೇ ಸಲಕ್ಕೆ ರಾಶಿ ಸತ್ತಿದ್ದರೆ ಆಮ್ಲಜನಕದ ಕೊರತೆಯನ್ನೇ ಮೊದಲು ಅನುಮಾನಿಸಿ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ಬಿದ್ದು ಆಮ್ಲಜನಕ ಎಳೆಯುತ್ತದೆ. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಮಟ್ಟ ತಳ ಮುಟ್ಟಿರುತ್ತದೆ. ಮಧ್ಯಾಹ್ನ ಮೀನು ಒದ್ದಾಡುತ್ತಿದ್ದರೆ ಅದು ಬೇರೆ ಕಥೆ.

ದೊಡ್ಡದು ಸತ್ತಿವೆಯಾ, ಚಿಕ್ಕದಾ? ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಹೋಗುತ್ತವೆ, ಮರಿಗಳು ತಡೆದುಕೊಳ್ಳುತ್ತವೆ. ವಿಷ ಸೇರಿದ್ದರೆ ಹೆಚ್ಚಾಗಿ ಮರಿಗಳು ಮೊದಲು. ಗೆಂಡೆಗಳಲ್ಲಿ ಬೆಳ್ಳಿ ಗೆಂಡೆಗೆ ಆಮ್ಲಜನಕದ ಕೊರತೆ ಬೇಗ ತಟ್ಟುತ್ತದೆ. ಸಾಮಾನ್ಯ ಗೆಂಡೆ ಗಟ್ಟಿ ಜೀವ. ಬೆಳ್ಳಿ ಗೆಂಡೆ ತೇಲಿ, ಸಾಮಾನ್ಯ ಗೆಂಡೆ ಇನ್ನೂ ಓಡಾಡುತ್ತಿದ್ದರೆ ಅದೂ ಒಂದು ಸುಳಿವು.

ಕೊನೆಗೆ, ಮೀನು ಯಾವ ಕಡೆ ಸೇರಿವೆ? ಕೆರೆಯೊಳಗೇ ಆಮ್ಲಜನಕ ಇಳಿದಿದ್ದರೆ ಮೀನು ಹೊಸ ನೀರು ಬೀಳುವ ಜಾಗಕ್ಕೆ ಬಂದು ಒತ್ತೊತ್ತಾಗಿ ನಿಲ್ಲುತ್ತವೆ. ಒಳಗೆ ಬರುವ ನೀರೇ ಕೆಟ್ಟಿದ್ದರೆ ತೂಬಿನಿಂದ ದೂರ ಓಡುತ್ತವೆ. ಯಾವ ಮೀಟರಿಗೂ ಮುಂಚೆ ಮೀನು ಇದನ್ನು ತೋರಿಸಿಕೊಡುತ್ತದೆ.

ಐದನೇ ಕೆರೆಯಲ್ಲಿ ಆಗಿದ್ದು

ನಾನು ನೋಡಿಕೊಳ್ಳುವ ಸರಣಿಯಲ್ಲಿ ಆರು ಕೆರೆ. ನಾಲ್ಕನೆಯದು ಎಲ್ಲಕ್ಕಿಂತ ಆಳ. ಐದನೆಯದು ಪುಟ್ಟದು, ಒಂದು ಹೆಕ್ಟೇರೂ ಇಲ್ಲ, ಆಳವೂ ಕಡಿಮೆ. ಆ ದಿನ ಐದರಲ್ಲಿ ಮೀನು ಬಾಯಿ ಬಿಡುತ್ತಿದ್ದವು. ನಾಲ್ಕರಲ್ಲಿ ಒಂದು ಮೀನಿಗೂ ಏನೂ ಆಗಿರಲಿಲ್ಲ. ಮೇಲ್ಮೈಯಲ್ಲಿ ಅಳೆದರೆ ಲೀಟರಿಗೆ 5.1 ಮಿಲಿಗ್ರಾಂ ಆಮ್ಲಜನಕ. ಒಳ್ಳೆಯ ಅಂಕಿ. ರಾತ್ರಿ ಕಾವಲಿನ ಹುಡುಗ ಆಗಲೇ ನಾಲ್ಕರ ತೂಬನ್ನು ಅರ್ಧ ಎತ್ತಿದ್ದ. ಮೀನಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು. ಆದರೆ ನೀರು ಜಾಸ್ತಿ ಬಿಟ್ಟಷ್ಟೂ ಮೀನು ದೂರದ ಮೂಲೆಗೆ ಒತ್ತುತ್ತಿದ್ದವು. ಅಲ್ಲಿ ನನಗೆ ಅನುಮಾನ ಬಂತು.

ಆಮ್ಲಜನಕ ಅಳೆಯುವ ಮೀಟರಿನ ವೈರ್ ಗಿಡ್ಡ. ತಳ ಮುಟ್ಟುವುದಿಲ್ಲ. ಅದಕ್ಕೆ ಒಂದು ಹಳೇ ಉಪಾಯವಿದೆ. ಗಾಜಿನ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆ ಹಾಕಿ, ಬಿರಡೆಗೆ ಬೇರೆಯೇ ಒಂದು ದಾರ ಕಟ್ಟಬೇಕು. ದೋಣಿಯನ್ನು ತೂಬಿನ ಹತ್ತಿರ ನಿಲ್ಲಿಸಿ ಬಾಟಲಿ ಇಳಿಸಿದೆ. ಮೂರೂವರೆ ಮೀಟರ್ ಆಳದಲ್ಲಿ ಬಿರಡೆಯ ದಾರ ಜಗ್ಗಿದೆ. ಬುಳುಬುಳು ಅಂತ ಗುಳ್ಳೆ ಮೇಲೆ ಬಂತು. ಗುಳ್ಳೆ ನಿಂತ ಮೇಲೆ ಬಾಟಲಿ ಎಳೆದುಕೊಂಡೆ. ಗಾಜು ಮುಟ್ಟಿದರೆ ಕೈಗೆ ತಣ್ಣಗೆ. ಮೂಗಿನ ಹತ್ತಿರ ತರುವ ಮುಂಚೆಯೇ ಕೊಳೆತ ಮೊಟ್ಟೆಯ ವಾಸನೆ. ಮೀಟರ್ ಅದ್ದಿದರೆ 0.6. ಬಾಟಲಿ ತುಂಬುವಾಗ ಒಂದಿಷ್ಟು ಗಾಳಿ ಸೇರಿಯೇ ಇರುತ್ತದೆ. ಅಂದರೆ ತಳದಲ್ಲಿ ನಿಜಕ್ಕೂ ಇದ್ದದ್ದು ಅದಕ್ಕಿಂತ ಕಡಿಮೆ. ಮೇಲ್ಮೈ ನೀರು 28 ಡಿಗ್ರಿ, ತಳದ್ದು 24.

ವಿಷಯ ಇಷ್ಟೇ. ಆಳದ ಕೆರೆಯಲ್ಲಿ ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿ ಹಗುರವಾಗುತ್ತದೆ. ಕೆಳಗಿನ ತಣ್ಣೀರು ಭಾರ. ಎರಡೂ ಬೆರೆಯುವುದಿಲ್ಲ. ಒಂದರ ಮೇಲೊಂದು ಪದರವಾಗಿ ಕೂರುತ್ತವೆ. ತಳದಲ್ಲಿ ಕೆಸರು ಕೊಳೆಯುತ್ತಾ ಅಲ್ಲಿನ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ನಾಲ್ಕರ ಮೀನು ಮೇಲಿನ ಪದರದಲ್ಲಿ ಆರಾಮವಾಗಿದ್ದವು. ಆದರೆ ತೂಬಿನ ಬಾಯಿ ಇದ್ದದ್ದು ತಳದಲ್ಲಿ. ನಾವು ತೂಬು ಎತ್ತಿ ಐದನೇ ಕೆರೆಗೆ ಆ ಸತ್ತ ನೀರನ್ನೇ ಕುಡಿಸುತ್ತಿದ್ದೆವು.

ಮಾಡಿದ್ದು ಮೂರು ಕೆಲಸ. ತಳದ ಬಾಗಿಲು ಮುಚ್ಚಿದೆವು. ತೂಬಿನ ಕಟ್ಟೆಯ ಕಚ್ಚಿನಲ್ಲಿ ಹಲಗೆ ಇಳಿಸಿ, ಮೇಲಿನ ಒಂದು ಗೇಣು ನೀರು ಮಾತ್ರ ಹಲಗೆ ದಾಟಿ ಬೀಳುವ ಹಾಗೆ ಮಾಡಿದೆವು. ಏರೇಟರನ್ನು ಮೀನು ಸೇರಿದ್ದ ದೂರದ ಮೂಲೆಗೆ ಒಯ್ದೆವು. ಏರೇಟರನ್ನು ಕೆಟ್ಟ ನೀರಿರುವ ಕಡೆ ಇಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ತುರ್ತಿನಲ್ಲಿ ಹಾಗೆ ಮಾಡಬಾರದು. ಮೀನು ಇರುವ, ಇದ್ದುದರಲ್ಲಿ ಚೆನ್ನಾಗಿರುವ ಜಾಗವನ್ನೇ ಗಟ್ಟಿ ಮಾಡಬೇಕು. ಇಡೀ ಕೆರೆಯನ್ನು ಒಂದು ರಾತ್ರಿಯಲ್ಲಿ ಸರಿ ಮಾಡಲು ಆಗುವುದಿಲ್ಲ. ಮೀನಿಗೆ ಒಂದು ಆಸರೆ ಮಾಡಿಕೊಟ್ಟರೆ ಉಳಿದುಕೊಳ್ಳುತ್ತವೆ.

ಇಲ್ಲೇ ಇನ್ನೊಂದು ಎಚ್ಚರ. ಕಾರಣ ಗೊತ್ತಾಯಿತು ಅಂತ ನಾಲ್ಕನೇ ಕೆರೆಗೆ ಏರೇಟರ್ ಬಿಟ್ಟು ಒಮ್ಮೆಲೇ ಕಲಕಬೇಡಿ. ತಳದ ನೀರು ಮೇಲೆ ಬಂದರೆ ಅಲ್ಲಿನ ಮೀನೂ ಹೋಗುತ್ತವೆ. ಬಿಸಿಲಿರುವ ಹೊತ್ತಿನಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿ. ತಂಪು ಮಳೆ ಜೋರಾಗಿ ಹೊಯ್ದಾಗ, ದೊಡ್ಡ ಗಾಳಿ ಬೀಸಿದಾಗ ಇದೇ ಬೆರಕೆ ತಾನಾಗಿಯೇ ಆಗಿಬಿಡುತ್ತದೆ. ಮಳೆಯ ಮರುದಿನ ಮೀನು ಸಾಯುವುದಕ್ಕೆ ಇದು ದೊಡ್ಡ ಕಾರಣ.

ಮೇಲಿನಿಂದ ಕೆಳಕ್ಕೆ ನಡೆಯಿರಿ, ತೂಬಿನ ಎರಡೂ ಬದಿ ಅಳೆಯಿರಿ

ಯಾವ ದೋಷಕ್ಕೂ ಹುಡುಕುವ ದಾರಿ ಒಂದೇ. ಬೆಳಗ್ಗೆ 5ರಿಂದ 6ರ ಒಳಗೆ ಮೊದಲ ಕೆರೆಯಿಂದ ಶುರು ಮಾಡಿ. ಪ್ರತಿ ಕೆರೆಗೆ ನೀರು ಬರುವ ಬಾಯಲ್ಲಿ ಆಮ್ಲಜನಕದ ಒಂದು ಅಳತೆ, ಹೊರಗೆ ಹೋಗುವ ಬಾಯಲ್ಲಿ ಎರಡು: ಮೇಲ್ಮೈ ಮತ್ತು ತಳ. ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಬರುವ ನೀರು ಚೆನ್ನಾಗಿದ್ದು ಹೋಗುವ ನೀರು ಕೆಟ್ಟಿದ್ದರೆ ದೋಷ ಆ ಕೆರೆಯೊಳಗೇ ಇದೆ. ಬರುವಾಗಲೇ ಕೆಟ್ಟಿದ್ದರೆ ಒಂದು ಕೆರೆ ಮೇಲೆ ಹೋಗಿ. ಇಬ್ಬರು ಹಂಚಿಕೊಂಡರೆ ಬೇಗ ಆಗುತ್ತದೆ. ಆದರೆ ಎರಡು ಮೀಟರ್ ಬಳಸಿದರೆ ಮೊದಲು ಎರಡನ್ನೂ ಒಂದೇ ಬಕೆಟ್‌ನಲ್ಲಿ ಅದ್ದಿ ಹೋಲಿಸಿಕೊಳ್ಳಿ.

ಅಂಕಿ ಓದುವುದು ಹೀಗೆ. ಬೆಚ್ಚಗಿನ ನೀರಿನ ಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ನೆಮ್ಮದಿ. 3ಕ್ಕಿಂತ ಇಳಿದರೆ ಒದ್ದಾಟ, ಮೇವು ಮುಟ್ಟುವುದಿಲ್ಲ. 1ರ ಹತ್ತಿರ ಕೆಲವು ಗಂಟೆ ನಿಂತರೆ ಸಾವು. ಟ್ರೌಟ್‌ನಂಥ ತಣ್ಣೀರಿನ ಮೀನಿಗೆ ಇಷ್ಟು ಸಾಲದು, 6ರ ಮೇಲೆ ಬೇಕು. ಮೀಟರನ್ನೂ ಕಣ್ಣುಮುಚ್ಚಿ ನಂಬಬೇಡಿ. 30 ಡಿಗ್ರಿಯ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 7.5, ಅಷ್ಟೇ. ಬಿಸಿಲಿಗೆ ಪಾಚಿ ಇದನ್ನು ಮೀರಿಸುತ್ತದೆ, ಸರಿ. ಬೆಳಗಿನ ಜಾವ 10 ತೋರಿಸಿದರೆ ಮೀಟರಿನ ಪೊರೆ ಹರಿದಿರಬೇಕು, ಇಲ್ಲಾ ಕ್ಯಾಲಿಬ್ರೇಷನ್ (ಮೀಟರಿನ ಹೊಂದಾಣಿಕೆ) ತಪ್ಪಿರಬೇಕು.

ಕೆರೆಯೊಳಗೇ ದೋಷ ಅಂತ ಗೊತ್ತಾದರೆ ಪಾಚಿ ನೋಡಿ. 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸಿ. 30ರಿಂದ 45 ಸೆಂಟಿಮೀಟರ್ ಆಳದಲ್ಲಿ ಮರೆಯಾದರೆ ಪಾಚಿ ಹದವಾಗಿದೆ. 20ರೊಳಗೇ ಮರೆಯಾದರೆ ಜಾಸ್ತಿಯಾಗಿದೆ, ಎರಡು ದಿನ ಮೋಡ ಕವಿದರೂ ಅಪಾಯ. ನಿನ್ನೆ ಹಸಿರಾಗಿದ್ದ ನೀರು ಇವತ್ತು ಚಹಾ ಬಣ್ಣಕ್ಕೆ ತಿರುಗಿದ್ದರೆ ಪಾಚಿ ಒಟ್ಟಿಗೆ ಸತ್ತಿದೆ ಅಂತ ಅರ್ಥ. ಆ ಕೆರೆಯಿಂದ ಕೆಳಕ್ಕೆ ಹೋಗುವ ತೂಬನ್ನು ತಕ್ಷಣ ಮುಚ್ಚಿ. ಕೊಳೆಯುವ ಪಾಚಿ ಕೆಳಗಿನ ಕೆರೆಗೆ ಇಳಿಯಬಾರದು.

ಜಾಲರಿ ನೋಡುವುದನ್ನು ಮರೆಯಬೇಡಿ. ತೂಬಿನ ಜಾಲರಿಗೆ ನೂಲು ಪಾಚಿ, ಎಲೆ, ಸತ್ತ ಮೀನು ಮೆತ್ತಿಕೊಂಡರೆ ನೀರು ಹಾಯುವುದಿಲ್ಲ. ಜಾಲರಿಯ ಈ ಬದಿಗೂ ಆ ಬದಿಗೂ ನೀರಿನ ಮಟ್ಟದಲ್ಲಿ ನಾಲ್ಕು ಬೆರಳು ವ್ಯತ್ಯಾಸ ಕಂಡರೆ ಕಟ್ಟಿಕೊಂಡಿದೆ ಅಂತಲೇ ತಿಳಿಯಿರಿ.

ತೂಬು ಎತ್ತಿದರೆ ನಿಜಕ್ಕೂ ಎಷ್ಟು ನೀರು ಬರುತ್ತದೆ?

ಈ ಲೆಕ್ಕವನ್ನು ಎಲ್ಲರೂ ಒಮ್ಮೆ ಮಾಡಲೇಬೇಕು. 4 ಹೆಕ್ಟೇರ್ ಕೆರೆ, ಸರಾಸರಿ 2 ಮೀಟರ್ ಆಳ ಅಂದರೆ 80,000 ಘನ ಮೀಟರ್ ನೀರು. ತೂಬಿನಲ್ಲಿ ಸೆಕೆಂಡಿಗೆ 100 ಲೀಟರ್ ಹರಿದರೆ ದಿನಕ್ಕೆ 8,640 ಘನ ಮೀಟರ್. ಇಡೀ ರಾತ್ರಿ, ಹತ್ತು ಗಂಟೆ ಬಿಟ್ಟರೂ 3,600. ಕೆರೆಯ ನೂರು ಪಾಲಿನಲ್ಲಿ ಐದು ಪಾಲೂ ಆಗಲಿಲ್ಲ. ದೊಡ್ಡ ಕೆರೆಗೆ ರಾತ್ರಿ ನೀರು ಬಿಟ್ಟು ಮೀನು ಉಳಿಸುತ್ತೇನೆ ಅನ್ನುವುದು ಬಹುಪಾಲು ಆಗದ ಮಾತು. ತೂಬಿನ ಬಾಯಲ್ಲಿ ಒಂದು ಚಿಕ್ಕ ಜಾಗ ಉಳಿಯಬಹುದು, ಅಷ್ಟೇ. ಪುಟ್ಟ ಕೆರೆಗೆ ಮಾತ್ರ ಬಿಟ್ಟ ನೀರು ಬೇಗ ತಟ್ಟುತ್ತದೆ. ಒಳ್ಳೆಯದಾದರೂ, ಕೆಟ್ಟದ್ದಾದರೂ.

ಅದೇ ಲೆಕ್ಕ ಇನ್ನೊಂದು ವಿಷಯ ಹೇಳುತ್ತದೆ. ಆ ಕೆರೆಯ ನೀರು ಪೂರ್ತಿ ಬದಲಾಗಲು ಒಂಬತ್ತು ದಿನದ ಮೇಲೆ ಬೇಕು. ಹಾಗಾಗಿ ಇವತ್ತು ಕೊನೆಯ ಕೆರೆಯಲ್ಲಿ ಕಂಡ ತೊಂದರೆಗೆ ನಿನ್ನೆಯ ಡೈರಿ ನೋಡಿದರೆ ಸಾಲದು. ವಾರ, ಹತ್ತು ದಿನ ಹಿಂದೆ ಮೇಲಿನ ಕೆರೆಗಳಲ್ಲಿ ಏನು ಮಾಡಿದಿರಿ ನೋಡಿ. ಮೇವು ಜಾಸ್ತಿ ಸುರಿದಿರಾ? ಗೊಬ್ಬರ ಹಾಕಿದಿರಾ? ಬಲೆ ಎಳೆದು ತಳ ಕಲಕಿದಿರಾ? ಎಷ್ಟೋ ಸಲ ಉತ್ತರ ಆ ಪುಟದಲ್ಲೇ ಇರುತ್ತದೆ.

ಬೆಳಗ್ಗೆ ಎಲ್ಲ ಸರಿ, ಮಧ್ಯಾಹ್ನ ಮೀನು ಮಂಕು

ಬೆಳಗಿನ ಆಮ್ಲಜನಕ ಚೆನ್ನಾಗಿದೆ. ಆದರೂ ಮೀನು ಮೇವು ತಿನ್ನುತ್ತಿಲ್ಲ, ಮಧ್ಯಾಹ್ನ ದಿಕ್ಕು ತಪ್ಪಿದಂತೆ ಈಜುತ್ತವೆ. ಅದರಲ್ಲೂ ಸರಣಿಯ ಕೊನೆಯ ಕೆರೆಗಳಲ್ಲಿ. ಇಲ್ಲಿ ಮೀನಿನ ಹಿಕ್ಕೆ, ಉಳಿದ ಮೇವಿನಿಂದ ಹುಟ್ಟುವ ಅಮೋನಿಯಾ ನೋಡಬೇಕು.

ಬೆಳಗ್ಗೆ ನೀರು ಪರೀಕ್ಷೆಯ ಕಿಟ್ ಹಿಡಿದು ನೋಡಿ "ಪರವಾಗಿಲ್ಲ" ಅಂತ ಬಿಡುವುದು ಸಾಮಾನ್ಯ ತಪ್ಪು. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಎಷ್ಟು ಪಾಲು ವಿಷ ಅನ್ನುವುದು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಮತ್ತು ಬಿಸಿಯ ಮೇಲಿದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ವಿಷ. ಪಿಎಚ್ 8 ಆದರೆ ಏಳು ಪಾಲಿನ ಮೇಲೆ. 9 ಆದರೆ ಸುಮಾರು 45 ಪಾಲು. ಪಾಚಿ ದಟ್ಟವಾಗಿರುವ ಕೆರೆಯಲ್ಲಿ ಬೆಳಗ್ಗೆ 7.5 ಇದ್ದ ಪಿಎಚ್ ಮಧ್ಯಾಹ್ನ 3ರ ಹೊತ್ತಿಗೆ 9 ಮುಟ್ಟುವುದುಂಟು. ನೀರು ಅದೇ, ಅಮೋನಿಯಾ ಅಷ್ಟೇ, ವಿಷ ಮಾತ್ರ ಹದಿನೈದು ಪಟ್ಟಿಗೂ ಮೇಲೆ. ಅದಕ್ಕೇ ಮಧ್ಯಾಹ್ನ 3ರಿಂದ 4ರ ನಡುವೆ ಪಿಎಚ್, ಅಮೋನಿಯಾ ಎರಡನ್ನೂ ಒಟ್ಟಿಗೆ ಅಳೆಯಿರಿ. ಈ ಸ್ಥಿತಿಯಲ್ಲಿ ಸುಣ್ಣ ಹಾಕಲೇಬೇಡಿ. ಪಿಎಚ್ ಇನ್ನೂ ಏರುತ್ತದೆ. ಮೊದಲು ಮೇವು ನಿಲ್ಲಿಸಿ, ಆ ಕೆರೆಯಲ್ಲಿ ಮಾತ್ರವಲ್ಲ, ಮೇಲಿನ ಎರಡು ಕೆರೆಗಳಲ್ಲೂ.

ನೈಟ್ರೈಟ್ ಇದರ ತಮ್ಮ, ಅಮೋನಿಯಾದಿಂದಲೇ ನೀರಿನಲ್ಲಿ ಹುಟ್ಟುವ ಇನ್ನೊಂದು ವಿಷ. ಗುರುತು ಹಿಡಿಯಲು ಕಿಟ್‌ಗಿಂತ ಮೊದಲು ಕಿವಿರು ನೋಡಿ. ಇನ್ನೂ ಉಸಿರಾಡುತ್ತಿರುವ ಮೀನು ಹಿಡಿಯಿರಿ. ಸತ್ತು ಹೊತ್ತಾದ ಮೀನಿನ ಕಿವಿರು ಹೇಗೂ ಬಣ್ಣ ಕಳೆದುಕೊಂಡಿರುತ್ತದೆ. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿ ಬೆಳಕಿಗೆ ತಿರುಗಿಸಿ. ಆರೋಗ್ಯದ ಕಿವಿರು ಕಡು ಕೆಂಪು. ನೈಟ್ರೈಟ್ ತಟ್ಟಿದ್ದರೆ ಚಾಕೊಲೇಟ್ ಬಣ್ಣ. ರಕ್ತವೇ ಕಂದಾಗಿರುತ್ತದೆ, ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡಿರುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ಬಾಯಿ ಬಿಡುವುದು ಇದಕ್ಕೇ.

ಇದಕ್ಕೆ ಉಪ್ಪು ಕೆಲಸ ಮಾಡುತ್ತದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗುವುದು ತಗ್ಗುತ್ತದೆ. ನೈಟ್ರೈಟ್-ನೈಟ್ರೋಜನ್ (ನೈಟ್ರೈಟ್‌ನಲ್ಲಿರುವ ನೈಟ್ರೋಜನ್ ಲೆಕ್ಕ) 1 ಪಾಲಿಗೆ ಕ್ಲೋರೈಡ್ 10 ಪಾಲು ಇರಬೇಕು ಅನ್ನುವುದು ರೂಢಿಯ ಲೆಕ್ಕ. ಒಂದು ಹೆಕ್ಟೇರ್, ಒಂದೂವರೆ ಮೀಟರ್ ಆಳದ ಕೆರೆಯಲ್ಲಿ 15,000 ಘನ ಮೀಟರ್ ನೀರು. ನೈಟ್ರೈಟ್-ನೈಟ್ರೋಜನ್ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಕ್ಲೋರೈಡ್ 20 ಬೇಕು, ಅಂದರೆ 300 ಕಿಲೋ. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಕ್ಲೋರೈಡ್. ಒಟ್ಟು 500 ಕಿಲೋ ಉಪ್ಪು ಆಯಿತು. ನೀರಿನಲ್ಲಿ ಮೊದಲೇ ಕ್ಲೋರೈಡ್ ಇದ್ದರೆ ಅಷ್ಟು ಕಳೆಯಿರಿ. ಉಪ್ಪು ಹಾಕುವ ಮುಂಚೆ ಹೊರ ತೂಬು ಮುಚ್ಚಿ. ಇಲ್ಲದಿದ್ದರೆ ಹಾಕಿದ್ದೆಲ್ಲ ಮುಂದಿನ ಕೆರೆಗೆ ಹರಿದು ಹೋಗುತ್ತದೆ.

ದಿನಕ್ಕೆ ನಾಲ್ಕೈದು ಸಾಯುತ್ತಿದ್ದರೆ

ಇವತ್ತು ಮೂರು, ನಾಳೆ ಐದು, ನಾಡಿದ್ದು ಒಂಬತ್ತು. ಅದೂ ಒಂದೇ ಜಾತಿಯ ಮೀನು. ಇದು ರೋಗ ಅಥವಾ ಪರೋಪಜೀವಿಯ ನಡೆ. ಮೀನು ಮೈ ಉಜ್ಜುತ್ತಾ, ನೆಗೆಯುತ್ತಾ ಇದ್ದರೆ ಮೀನಿನ ಹೇನು ಹುಡುಕಿ. ರೆಕ್ಕೆಯ ಬುಡದಲ್ಲಿ ತಿಳಿ ಹಸಿರು, ಚಪ್ಪಟೆ ಚುಕ್ಕೆಯ ಹಾಗೆ ಅಂಟಿರುತ್ತದೆ. ಉಗುರಿನಿಂದ ತಳ್ಳಿದರೆ ಜಾರುತ್ತಾ ಓಡುತ್ತದೆ. ಮೈಮೇಲೆ ಕೆಂಪು ಹುಣ್ಣು, ಉಬ್ಬಿದ ಹೊಟ್ಟೆ ಕಂಡರೆ ಬದುಕಿರುವ ಎರಡು ಮೂರು ರೋಗದ ಮೀನನ್ನು ಪ್ರಯೋಗಾಲಯಕ್ಕೆ ತೋರಿಸಿಯೇ ಔಷಧ ಹಾಕಿ. ಊಹೆಯ ಮೇಲೆ ಆಂಟಿಬಯಾಟಿಕ್ ಸುರಿಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಒಂದು ಕೆರೆಗೆ ಹಾಕಿದ ಔಷಧ ನೀರಿನ ಜೊತೆ ಕೆಳಗಿನ ಕೆರೆಗಳಿಗೆಲ್ಲ ಹೋಗುತ್ತದೆ.

ಸರಣಿಯಲ್ಲಿ ಒಂದು ಒಳ್ಳೆಯ ಸುಳಿವಿದೆ. ನೀರು ಕೆಳಕ್ಕೆ ಮಾತ್ರ ಹರಿಯುತ್ತದೆ. ರೋಗ ಮೊದಲು ಐದರಲ್ಲಿ ಕಂಡು, ಆಮೇಲೆ ಎರಡರಲ್ಲಿ ಕಂಡರೆ ಅದು ನೀರಿನಿಂದ ಬಂದದ್ದಲ್ಲ. ಬಲೆ, ದೋಣಿ, ಮೇವಿನ ಬುಟ್ಟಿ, ನಮ್ಮ ಬೂಟು, ಇಲ್ಲಾ ಹಕ್ಕಿ. ಬಲೆಯನ್ನು ಒಣಗಿಸದೆ ಕೆಳಗಿನ ಕೆರೆಯಿಂದ ಮೇಲಿನದಕ್ಕೆ ಒಯ್ಯಬೇಡಿ.

ವಿಷದ ಅನುಮಾನ

ಹೊತ್ತು ಗೊತ್ತಿಲ್ಲದೆ ಎಲ್ಲ ಜಾತಿಯ ಮೀನೂ ಸಾಯುತ್ತಿವೆ, ಮರಿಗಳು ಮೊದಲು. ಜೊತೆಗೆ ನೀರಹುಳಗಳೂ ಸತ್ತಿವೆ. ಹಿಂದಿನ ದಿನ ಮಳೆ ಬಂದು ಹೊಲದ ನೀರು ಇಳಿದಿದೆ. ಹೀಗಿದ್ದರೆ ಎಲ್ಲ ತೂಬು ತಕ್ಷಣ ಮುಚ್ಚಿ. ಇದೊಂದರಲ್ಲಿ ಮಾತ್ರ ಅಳತೆಗೆ ಕಾಯಬೇಡಿ. ಆಮೇಲೆ ಅನುಮಾನದ ನೀರು ಒಂದು ಬಕೆಟ್, ಮೊದಲ ಕೆರೆಯ ನೀರು ಒಂದು ಬಕೆಟ್ ತುಂಬಿ. ಎರಡಕ್ಕೂ ಗಾಳಿ ಕೊಡಿ. ಐದೈದು ಮರಿ ಬಿಟ್ಟು ನೋಡಿ. ಗಾಳಿ ಇದ್ದೂ ಒಂದರಲ್ಲಿ ಮಾತ್ರ ಸತ್ತರೆ ಕಾರಣ ಆಮ್ಲಜನಕವಲ್ಲ. ಪರೀಕ್ಷೆಗೆ ಕಳಿಸಲು ಅದೇ ದಿನದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ತಂಪಾಗಿ ಇಡಿ.

ಮೀನು ಕಾಣೆ, ನೀರು ಕಡಿಮೆ

ಬಲೆ ಎಳೆದಾಗ ಲೆಕ್ಕದ ಅರ್ಧ ಮೀನೂ ಸಿಗದಿದ್ದರೆ ಜಾಲರಿಯ ಮೂಲೆಗಳನ್ನು ಕೈಯಿಂದ ತಡವಿ ನೋಡಿ. ಕಣ್ಣಿಗೆ ಕಾಣದ ಹರಕು ನೀರಿನ ಕೆಳಗೇ ಇರುತ್ತದೆ. ಕಾಣೆಯಾದ ಮೀನು ಎಷ್ಟೋ ಸಲ ಕೆಳಗಿನ ಕೆರೆಯಲ್ಲೇ ಇರುತ್ತವೆ. ಅಲ್ಲಿ ಲೆಕ್ಕಕ್ಕಿಂತ ಮೀನು ಜಾಸ್ತಿಯಾಗಿ, ಮೇವು ಸಾಲದೆ ಬೆಳವಣಿಗೆ ನಿಂತಿರುತ್ತದೆ. ಒಂದರ ನಷ್ಟ, ಇನ್ನೊಂದರ ಕುಂಠಿತ ಬೆಳವಣಿಗೆ, ಎರಡಕ್ಕೂ ಒಂದೇ ಹರಕು.

ನೀರು ಇಳಿಯುತ್ತಿದ್ದರೆ ಅದು ಬಿಸಿಲಿಗೋ, ಸೋರಿಕೆಗೋ? ಅಂಚಿನಲ್ಲಿ ಬಕೆಟ್ ನಿಲ್ಲಿಸಿ. ಬಕೆಟ್ಟಿನೊಳಗೆ ಕೆರೆಯ ಮಟ್ಟಕ್ಕೇ ನೀರು ತುಂಬಿ ಗುರುತು ಹಾಕಿ. ಎಲ್ಲ ತೂಬು ಮುಚ್ಚಿ ಒಂದು ದಿನ ಬಿಡಿ. ಕೆರೆ ಬಕೆಟ್ಟಿಗಿಂತ ಜಾಸ್ತಿ ಇಳಿದಿದ್ದರೆ ಸೋರಿಕೆ. ಏರಿಯ ಹೊರಮೈಯಲ್ಲಿ ಏಡಿಯ ತೂತು, ಇಲಿಯ ಬಿಲ, ಮರದ ಬೇರಿನ ಸುತ್ತ ಒದ್ದೆ ಹುಡುಕಿ. ತಿಳಿ ನೀರು ಜಿನುಗಿದರೆ ಸಮಯವಿದೆ. ಕದಡಿದ ನೀರು ಬಂದರೆ ಮಣ್ಣು ಕೊಚ್ಚಿಹೋಗುತ್ತಿದೆ, ಅವತ್ತೇ ನೀರು ಇಳಿಸಿ.

ಮೀನು ಚೇತರಿಸಿಕೊಂಡ ಮೇಲೆ

ಸತ್ತ ಮೀನನ್ನು ಅವತ್ತೇ ತೆಗೆಯಿರಿ. ತಳಕ್ಕೆ ಇಳಿದವು ಎರಡು ಮೂರು ದಿನ ಬಿಟ್ಟು ಉಬ್ಬಿ ತೇಲುತ್ತವೆ, ಆಗ ಮತ್ತೊಂದು ಸುತ್ತು. ಹಾಗೆ ತೇಲಿದವನ್ನು ಕಂಡು ಹೊಸ ಸಾವು ಅಂತ ಗಾಬರಿಯಾಗಬೇಡಿ. ಕಣ್ಣು ಬೆಳ್ಳಗಾಗಿ, ಮೈ ಮೆತ್ತಗಾಗಿದ್ದರೆ ಅವು ಹಳೆಯವೇ. ಮೂರು ದಿನ ಸತತವಾಗಿ ಬೆಳಗಿನ ಅಳತೆ 4ರ ಮೇಲೆ ಬಂದರೆ ಮೇವು ಅರ್ಧ ಪಾಲಿನಿಂದ ಶುರು ಮಾಡಿ. ಬಿಸಿಲು ಏರಿದ ಮೇಲೆ ಹಾಕಿ, ಸಂಜೆ ಬೇಡ. ಮೊದಲ ಹಿಡಿ ಮೇವಿಗೆ ಮೀನು ಮೇಲೆ ಬಂದು ನೀರು ಕಲಕಿದರೆ ಮಾತ್ರ ಎರಡನೇ ಹಿಡಿ ಎರಚಿ.